ಕಾಲುಚೀಲ ತೊಟ್ಟ ಐದು ಬಾಟಲಿ

ರೆಕೇನಾ
4 ನವೆಂಬರ್ 1996

ಚಾನೊ,

ನಿನಗೆ ಫೋನ್ ಮಾಡಿದರೆ ನೀನು ಯಾರು, ಯಾವ ರೆಮೆ ಎಂದು ಕೇಳುತ್ತೀಯ. ನಾನು ಕೂಗುತ್ತೇನೆ. ಕೊನೆಗೆ ನಿನ್ನೊಬ್ಬನನ್ನು ಬಿಟ್ಟು ನಮ್ಮ ಬೀದಿಗೆಲ್ಲ ವಿಷಯ ಗೊತ್ತಾಗುತ್ತದೆ. ಆದ್ದರಿಂದ ಕಾಗದವೇ ವಾಸಿ.

ಬೆನಿಗ್ನೊ ಹೋಗಿ ಆರು ತಿಂಗಳಾಯಿತು. ಮಣ್ಣಿಗೆ ನೀನು ಬರಲಿಲ್ಲ; ಕಾಲು ನೋವು ಎಂದು ಬರೆದಿದ್ದೆ. ನೀವಿಬ್ಬರೂ ನೌಕಾಪಡೆಯಲ್ಲಿ ಒಂದೇ ಹಡಗಿನ ನೆಲ ತಿಕ್ಕಿದ ಸ್ನೇಹಿತರು, ನಲವತ್ತು ವರ್ಷದ ಬಳಕೆ. ಇರಲಿ, ನೋವು ನೋವೇ.

ಈಗ ಬರೆಯುತ್ತಿರುವುದು ದ್ರಾಕ್ಷಿ ತೋಟದ ವಿಚಾರಕ್ಕೆ. ನಮ್ಮದು ಬೆನಿಗ್ನೊನ ಅಜ್ಜ ನೆಟ್ಟ ಬೊಬಾಲ್ ಬಳ್ಳಿ, ಕಪ್ಪು ಹಣ್ಣು, ದಪ್ಪ ಸಿಪ್ಪೆ. ಬೆಳೆಗಾರರ ಸಂಘದವರು ಈ ಜಾತಿಯ ಮೇಲೆ ಹಲ್ಲು ಮಸೆಯುತ್ತಿದ್ದಾರೆ. ಈ ಹಣ್ಣಿನ ವೈನು ಟ್ಯಾಂಕರಿನಲ್ಲಿ ಹೋಗಿ ಬೇರೆಯವರ ಪೇಲವ ವೈನಿಗೆ ಬಣ್ಣ ಕೊಡುವುದಕ್ಕಷ್ಟೇ ಲಾಯಕ್ಕಂತೆ. ಎಲ್ಲ ಕಿತ್ತು, ತಂತಿ ಎಳೆದು, ತೆಂಪ್ರಾನಿಯೊ ಜಾತಿ ನೆಡಿ ಎನ್ನುತ್ತಾರೆ. ಅಕ್ಕಪಕ್ಕದವರು ಒಪ್ಪಿಯಾಗಿದೆ. ಬುಡ ಕೀಳುವ ಯಂತ್ರ ಜನವರಿ ಕೊನೆಗೆ ಬರುತ್ತದೆ, ಹದಿನೇಳನೇ ತಾರೀಕಿನ ಸಂತ ಆಂತೋನಿಯ ಹಬ್ಬದೊಳಗೆ ನಾನು ಉತ್ತರ ಹೇಳಬೇಕು. ಅದೇ ಹೊತ್ತಿಗೆ ಬಳ್ಳಿ ಸವರುವ ಚಾಟನಿಯೂ ಶುರುವಾಗಬೇಕು. ಕೀಳುವ ಬಳ್ಳಿಯ ಕಡ್ಡಿಯನ್ನು ಯಾರಾದರೂ ಕತ್ತರಿಸುತ್ತಾರೆಯೇ?

ಬೆನಿಗ್ನೊ ಒಪ್ಪಿರಲಿಲ್ಲ. ಪ್ರತಿ ವರ್ಷ ಒಂದಿಷ್ಟು ಹಣ್ಣನ್ನು ಸಂಘಕ್ಕೆ ಕೊಡದೆ ಉಳಿಸಿಕೊಂಡು, ಮನೆಯ ಕೆಳಗಿನ ಗವಿಯಲ್ಲಿ ಒಂದೇ ಪೀಪಾಯಿಯಲ್ಲಿ ತನ್ನ ವೈನು ಮಾಡುತ್ತಿದ್ದ. "ಈ ಬಳ್ಳಿ ಏನು ಅಂತ ಸಂಘಕ್ಕೆ ಗೊತ್ತಿಲ್ಲ, ನನ್ನ ಪೀಪಾಯಿಗೆ ಗೊತ್ತು" ಎನ್ನುತ್ತಿದ್ದ. ಗೊತ್ತಿತ್ತೇ? ಆರು ತಿಂಗಳಿಂದ ನನಗೆ ಎದುರಾದವರೆಲ್ಲ ಎಂಥಾ ಮನುಷ್ಯ, ಎಂಥಾ ವೈನು ಎನ್ನುತ್ತಾರೆ. ಸತ್ತವನ ಹೆಂಡತಿಯ ಮುಂದೆ ಇನ್ನೇನು ಹೇಳಿಯಾರು?

ಅದಕ್ಕೊಂದು ಉಪಾಯ ಮಾಡಿದ್ದೇನೆ. ಡಿಸೆಂಬರ್ ಏಳು, ಶನಿವಾರ ಮಧ್ಯಾಹ್ನ, ನಮ್ಮ ಮನೆಯಲ್ಲಿ ವೈನಿನ ರುಚಿ ನೋಡುವ ಕೂಟ. ಗುರುವಾರದ ಇಸ್ಪೀಟಿನ ಮೂವರೂ ಬರುತ್ತಾರೆ: ಔಷಧಿ ಅಂಗಡಿಯ ದೋನ್ ಫಾಕುಂದೊ, ಬ್ರೆಡ್ಡಿನ ಭಟ್ಟಿಯ ಎನ್ಕಾರ್ನಾ, ನಿವೃತ್ತಿಯಾದ ಸಬೆಲಾ ಟೀಚರು. ಮೂವರೂ ಹೊರಗಿನಿಂದ ಬಂದು ಇಲ್ಲಿ ಬೇರು ಬಿಟ್ಟವರು. ಒಬ್ಬೊಬ್ಬರು ಹುಟ್ಟೂರಿನ ಒಂದೊಂದು ಬಾಟಲಿ ತರಬೇಕು. ಎಲ್ಲಕ್ಕೂ ಬೆನಿಗ್ನೊನ ಉಣ್ಣೆಯ ಕಾಲುಚೀಲ ತೊಡಿಸಿ ನಂಬರು ಕಟ್ಟುತ್ತೇನೆ. ಅವುಗಳ ನಡುವೆ, ಅವನು ಹೋಗುವ ಮುಂಚಿನ ತಿಂಗಳು ತುಂಬಿಸಿಟ್ಟ ಬಾಟಲಿಗಳಲ್ಲಿ ಒಂದನ್ನು ನಿಲ್ಲಿಸುತ್ತೇನೆ. ಇದು ನಿನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸಾಲಿನಲ್ಲಿ ಅದು ಮರ್ಯಾದೆಯಿಂದ ನಿಂತರೆ ಬಳ್ಳಿ ಉಳಿಯುತ್ತದೆ. ನಿಲ್ಲದಿದ್ದರೆ ಯಂತ್ರ ಬರಲಿ.

ನಿಮ್ಮೂರಿನ ಆ ಉಪ್ಪುಪ್ಪು ಬಿಳಿ ವೈನು, ಮಂಸಾನಿಯ, ಒಂದು ಬಾಟಲಿ ಬೇಕು. ಬಾಟಲಿಯ ಜೊತೆ ನೀನೂ ಬಂದರೆ ಇನ್ನೂ ಒಳ್ಳೆಯದು.

ರೆಮೆ


ಸಾನ್‌ಲೂಕರ್
13 ನವೆಂಬರ್ 1996

ರೆಮೆ,

ಕಿವಿ ಹೋಯಿತು, ಕಾಲು ಹೋಯಿತು, ಹಲ್ಲು ಹೋಗಲು ಹೊರಟಿದೆ;
ಮೂಗು ಮಾತ್ರ ಮಾಲೀಕನಂತೆ ಮೊದಲ ಬೆಂಚಲಿ ಕುಳಿತಿದೆ.

ನಿನ್ನ ಕಾಗದ ಬಂದಾಗ ಬಾಗಿಲಲ್ಲೇ ನಿಂತು ಓದಿದೆ, ಆಮೇಲೆ ಕುಳಿತು ಓದಿದೆ. ಬಾಟಲಿ ಕಳಿಸುತ್ತೇನೆ. ನಾನು ಕೆಲಸಕ್ಕಿದ್ದ ವೈನಿನ ಉಗ್ರಾಣದಲ್ಲಿ ಈಗಲೂ ಹುಡುಗರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಗೌರವಕ್ಕೋ ಪೀಪಾಯಿ ಮುಟ್ಟದಿರಲಿ ಎಂಬ ಭಯಕ್ಕೋ, ನಾನು ವಿಚಾರಿಸಿಲ್ಲ. ಚೆನ್ನಾಗಿರುವ ಪೀಪಾಯಿಯಿಂದಲೇ ತುಂಬಿಸಿಕೊಡುತ್ತಾರೆ. ತಣ್ಣಗಿಡು. ತೆರೆದರೆ ಅವತ್ತೇ ಮುಗಿಸು. ನಾಳೆಗೆ ಇಟ್ಟ ಮಂಸಾನಿಯ, ನೆನ್ನೆಯ ಮೀನು, ಎರಡೂ ಒಂದೇ.

ಬರುವುದಕ್ಕೆ ಆಗುವುದಿಲ್ಲ. ಕಾಲು ಸುಧಾರಿಸಿದೆ, ಆದರೆ ಬಸ್ಸು ಸುಧಾರಿಸಿಲ್ಲ. ಸೆವಿಯ್ಯದಲ್ಲಿ ಇಳಿ, ಮಾಡ್ರಿಡಿನಲ್ಲಿ ಇಳಿ, ಮತ್ತೆ ಹತ್ತು. ನೀನು ಬೇಸರ ಮಾಡಿಕೊಳ್ಳಬೇಡ.

ಒಂದು ಮಾತು ಹೇಳಲೇ? ಉಪಾಯ ಒಳ್ಳೆಯದು. ಜನ ಬೇರೆಯಿದ್ದರೆ ಇನ್ನೂ ಒಳ್ಳೆಯದಿತ್ತು. ನಿನ್ನನ್ನು ಕಂಡರಿಯದ ನಾಲ್ವರ ಮುಂದೆ ಆ ಬಾಟಲಿ ಇಡಬಾರದೇ? ವಲೆನ್ಸಿಯದಲ್ಲಿ ವೈನಿನ ವ್ಯಾಪಾರಿಗಳಿದ್ದಾರೆ, ಬೇಕಾದರೆ ಒಬ್ಬಿಬ್ಬರ ಹೆಸರು ಕೊಡುತ್ತೇನೆ. ಸ್ನೇಹಿತರ ನಾಲಿಗೆಗೆ ರುಚಿಗಿಂತ ಬೇರೆ ಕೆಲಸಗಳಿರುತ್ತವೆ.

ಚಾನೊ


ರೆಕೇನಾ
22 ನವೆಂಬರ್ 1996

ಚಾನೊ,

ಪಾರ್ಸೆಲ್ ಬಂತು. ಹುಲ್ಲು, ಹಳೆಯ ಪತ್ರಿಕೆ, ಅದರೊಳಗೆ ನಿನ್ನ ಅಂಗಿಯ ತೋಳು, ಅದರೊಳಗೆ ಬಾಟಲಿ. ಇಷ್ಟು ಜೋಪಾನ ಮಾಡಿದವನು ಜೊತೆಗೇ ಬರಬಹುದಿತ್ತು.

ನಿನ್ನ ವಲೆನ್ಸಿಯದ ವ್ಯಾಪಾರಿಗಳು ನಿನ್ನ ಹತ್ತಿರವೇ ಇರಲಿ. ಗುರುತಿಲ್ಲದವರನ್ನು ಕೂರಿಸಿ ಊಟ ಹಾಕಿ, ನನ್ನ ಗಂಡನ ಕೆಲಸ ಹೇಗಿದೆ ಎಂದು ಕೇಳುವ ಗತಿ ನನಗೆ ಬಂದಿಲ್ಲ. ನನ್ನ ಸ್ನೇಹಿತರಿಗೆ ರುಚಿ ತಿಳಿಯುವುದಿಲ್ಲ ಎಂದು ನೀನು ತಿಳಿದಿದ್ದೀಯ. ಫಾಕುಂದೊ ರಿಯೋಹ ಸೀಮೆಯ ಆರೋ ಎಂಬ ಊರಿನವನು, ಹಾಲಿಗಿಂತ ಮೊದಲು ವೈನು ಕಂಡವನು. ಅವನ ಪ್ರಕಾರ ರಿಯೋಹ ಬಿಟ್ಟು ಮಿಕ್ಕಿದ್ದೆಲ್ಲ ಕೆಮ್ಮಿನ ಔಷಧಿ. ಅವನ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಅದು ನಿಜವಾಗಿಯೇ ಒಳ್ಳೆಯದಿರಬೇಕು.

ಯಾವುದರ ನಂತರ ಯಾವುದನ್ನು ಸುರಿಯಬೇಕು, ಅದನ್ನು ಹೇಳು. ಸಬೆಲಾ ತಾನು ಹುಟ್ಟಿದ ಗಲೀಸಿಯದ ಬಿಳಿ ವೈನು ತರುವವಳಲ್ಲ ಎಂದು ಆಣೆ ಮಾಡುತ್ತಿದ್ದಾಳೆ. ಹಾಗಾದರೆ ಅದನ್ನೇ ತರುತ್ತಾಳೆ.

ರೆಮೆ


ಸಾನ್‌ಲೂಕರ್
29 ನವೆಂಬರ್ 1996

ರೆಮೆ,

ಬಿಳಿಯದು ಮೊದಲು, ಕೆಂಪದು ಆಮೇಲೆ, ಸಿಹಿಯದು ಕೊಟ್ಟಕೊನೆಗೆ;
ಹೀಗೆ ಕುಡಿದವ ಹಾದಿ ತಪ್ಪದೆ ಹೋಗುವ ತನ್ನದೇ ಮನೆಗೆ.

ನನ್ನದು ಎಲ್ಲಕ್ಕಿಂತ ಮೊದಲು, ಅದು ಬಾಯಿ ತೊಳೆಯುತ್ತದೆ. ಆಮೇಲೆ ಸಬೆಲಾ ತರುವುದಿಲ್ಲ ಎಂದ ಗಲೀಸಿಯದ್ದು. ಆಮೇಲೆ ಫಾಕುಂದೊನ ರಿಯೋಹ. ನಾಲ್ಕನೆಯದಾಗಿ ಬೆನಿಗ್ನೊನದು. ಸಿಹಿ ಇದ್ದರೆ ಕೊನೆಗೆ. ನಡುವೆ ಬರಿಯ ಬ್ರೆಡ್ಡು, ನೀರು. ಊಟ, ತಿಂಡಿ, ತಂಬಾಕು ಎಲ್ಲ ತೀರ್ಪಿನ ಮೇಲೆ.

ಸ್ನೇಹಿತರ ಬಗ್ಗೆ ಹೇಳಿದ್ದನ್ನು ಹಿಂತೆಗೆದುಕೊಂಡಿದ್ದೇನೆ. ಹಿಂತೆಗೆದುಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಚಾನೊ


ರೆಕೇನಾ
9 ಡಿಸೆಂಬರ್ 1996

ಚಾನೊ,

ಗೆದ್ದೆವು. ಮೊದಲಿಂದ ಹೇಳುತ್ತೇನೆ, ಮಧ್ಯೆ ಪ್ರಾಸ ಕಟ್ಟದೆ ಓದು.

ಮೇಜಿನ ಮೇಲೆ ಐದು ಬಾಟಲಿ, ಐದಕ್ಕೂ ಬೆನಿಗ್ನೊನ ಬೂದು ಕಾಲುಚೀಲ. ಒಂದರ ಹಿಮ್ಮಡಿ ನಾನೇ ಹೊಲಿದದ್ದು. ಎನ್ಕಾರ್ನಾ ಒಳಗೆ ಬಂದವಳೇ ನೋಡಿ, "ಇದೇನೇ, ವೈನ್ ಕುಡಿಯೋಕೆ ಕರೆದ್ಯೋ, ನೆಗಡಿಯಾದ ಬಾಟ್ಲಿ ನೋಡೋಕೆ ಕರೆದ್ಯೋ?" ಎಂದಳು. ಪ್ರತಿಯೊಂದರ ಮುಂದೆ ಒಂದು ತಟ್ಟೆ. ಮೆಚ್ಚಿದವರು ಅದರಲ್ಲಿ ಒಣಗಿದ ಕಡಲೆಕಾಳು ಹಾಕಬೇಕು, ಹೆಚ್ಚು ಮೆಚ್ಚಿದರೆ ಹೆಚ್ಚು ಕಾಳು.

ನಿನ್ನದನ್ನು ಮೊದಲು ಸುರಿದೆ. ಮೂವರೂ ಮೂಗು ಹಾಕಿದ ಕೂಡಲೇ ಸಾನ್‌ಲೂಕರ್ ಎಂದರು. ಫಾಕುಂದೊ ಇದು ಸಮುದ್ರಕ್ಕೆ ಬಿದ್ದು ಒದ್ದಾಡಿ ಎದ್ದ ವೈನು ಎಂದ. ಆದರೂ ಎರಡನೇ ಸಲ ಲೋಟ ಚಾಚಿದ.

ಎರಡನೆಯದು ಗುಟ್ಟಾಗಿ ಉಳಿಯಲೇ ಇಲ್ಲ. ನಾನು ಸುರಿಯುವ ಮೊದಲೇ ಸಬೆಲಾ ಕೈಚೀಲದಿಂದ ನಾಲ್ಕು ಬಿಳಿ ಪಿಂಗಾಣಿ ಬಟ್ಟಲು ತೆಗೆದು ಸಾಲಾಗಿ ಇಟ್ಟಳು. ಅವಳ ಊರಿನವರಿಗೆ ಗಾಜಿನಲ್ಲಿ ಕುಡಿದರೆ ಬಾಯಾರಿಕೆ ಹೋಗುವುದಿಲ್ಲವಂತೆ. ಯಾವುದರ ಸರದಿ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, ತನ್ನ ಬಾಟಲಿಯ ಭುಜ ಕಾಲುಚೀಲದೊಳಗಿಂದಲೇ ಗುರುತು ಸಿಗುತ್ತದೆ ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಹೊಡೆದವಳು.

ಮೂರನೆಯದು ರಿಯೋಹ. ಅದನ್ನು ಫಾಕುಂದೊ ಕಣ್ಣು ಮುಚ್ಚಿ ಕುಡಿದು, ಇದು ಯಾವ ಊರಿನದೋ ತಿಳಿಯದು, ಆದರೆ ಅಲ್ಲಿ ದೇವರು ಬೇಸಿಗೆ ಕಳೆಯುತ್ತಾನೆ ಎಂದ. ಎನ್ಕಾರ್ನಾ ಅದು ಅವನದೇ ಎಂದು ಪಂದ್ಯ ಕಟ್ಟಿದಳು. ಅವನು ಒಪ್ಪಲಿಲ್ಲ, ನಾಚಿಕೆಯೂ ಪಡಲಿಲ್ಲ. ಅರ್ಧ ಗಂಟೆ ಜಗಳವಾಡಿದರು.

ಆಮೇಲೆ ನಾಲ್ಕನೆಯದು. ಎರಡೂ ಕೈಯಲ್ಲಿ ಹಿಡಿದು ಸುರಿದೆ. ಮೂವರೂ ಲೋಟ ಎತ್ತಿದರು, ಮೂಸಿದರು. ಎನ್ಕಾರ್ನಾಗೆ ಹಸಿವೋ ಹಸಿವು. "ತಡಿ, ಬರೀ ಬ್ರೆಡ್ ತಿಂದು ತಿಂದು ನನ್ ಹೊಟ್ಟೆ ಭಟ್ಟಿ ಆಗಿದೆ" ಎಂದು ಎದ್ದು ಅಡುಗೆಮನೆಗೆ ಹೋಗಿ, ಊಟಕ್ಕೆಂದು ಇಟ್ಟಿದ್ದ ಹಳೆಯ ಕುರಿ ಚೀಸನ್ನು ಹಲಗೆ ಸಮೇತ ತಂದಳು. ತೀರ್ಪಿನವರೆಗೆ ಬೇಡ ಎಂದು ನೀನು ಬರೆದಿದ್ದರೂ ನಾನು ತಡೆಯಲಿಲ್ಲ. ಎಲ್ಲರೂ ಒಂದೊಂದು ತುಂಡು ಬಾಯಿಗಿಟ್ಟರು. ಆಮೇಲೆ ಕುಡಿದರು.

ಫಾಕುಂದೊ ಮೊದಲು ಬಾಯಿ ಬಿಟ್ಟ. "ಇದು ಗಂಭೀರವಾದ ವೈನು." ಸಬೆಲಾ ತಲೆದೂಗಿದಳು. ಎನ್ಕಾರ್ನಾ ಒಂದು ಹಿಡಿ ಕಾಳನ್ನು ತಟ್ಟೆಗೆ ಸುರಿದಳು. ಕೊನೆಗೆ ಲೆಕ್ಕ ನೋಡಿದರೆ ನಾಲ್ಕನೆಯದರ ತಟ್ಟೆ ಬೆಟ್ಟ, ಮಿಕ್ಕಿದ್ದೆಲ್ಲ ಬಯಲು. ಕೊನೆಗೆ ಸುರಿದ ಎನ್ಕಾರ್ನಾಳ ಸಿಹಿ ವೈನು ಮೊಸ್ಕಾತೆಲ್‌ಗೆ ಎರಡನೇ ಸ್ಥಾನ, ನಿನ್ನದಕ್ಕೆ ಮೂರನೇ ಸ್ಥಾನ. ಬೇಸರ ಮಾಡಿಕೊಳ್ಳಬೇಡ.

ಕಾಲುಚೀಲ ಕಳಚುವಾಗ ಬೆನಿಗ್ನೊನ ಕೈಬರಹದ ಚೀಟಿ ಕಂಡಿತು. ಯಾರೂ ಹೋ ಎನ್ನಲಿಲ್ಲ. ಸಬೆಲಾ ನನ್ನ ಕೈ ಹಿಡಿದುಕೊಂಡಳು. ಬಳ್ಳಿ ಉಳಿಯಿತು, ಚಾನೊ. ಹಬ್ಬಕ್ಕೆ ಮುಂಚೆಯೇ ಸಂಘಕ್ಕೆ ಹೋಗಿ ಹೇಳಿಬರುತ್ತೇನೆ.

ರೆಮೆ


ಸಾನ್‌ಲೂಕರ್
16 ಡಿಸೆಂಬರ್ 1996

ರೆಮೆ,

ಕುಡಿದವರೆಲ್ಲರ ಮಾತೂ ಬಂತು ಕಾಗದ ತುಂಬಿ ನಮ್ಮನೆಗೆ;
ಸುರಿದವಳೊಬ್ಬಳ ಮಾತೇ ಇಲ್ಲ, ನೀನೇಕಿದ್ದೆ ಸುಮ್ಮನೆ?

ಮೂರನೇ ಸ್ಥಾನಕ್ಕೆ ಉಗ್ರಾಣದ ಹುಡುಗರು ಅರ್ಧ ದಿನ ಶೋಕ ಆಚರಿಸಿದರು. ನಾನು ಕ್ಷಮಿಸಿದ್ದೇನೆ.

ಕೆಲವು ಸಣ್ಣ ಸಂಶಯಗಳು. ಹಳೆಯ ಕಸುಬಿನ ಚಟ, ಬೇರೇನಿಲ್ಲ. ನಾಲ್ಕನೆಯ ಬಾಟಲಿ ಎಲ್ಲಿಯದೆಂದು ಯಾರು ಏನು ಊಹಿಸಿದರು? ಮಿಕ್ಕವಕ್ಕೆಲ್ಲ ಜಗಳವಾಡಿದರು ಎಂದೆ, ಇದಕ್ಕೆ ಯಾರು ಯಾವ ಊರು ಹೇಳಿದರು ಎಂದು ಬರೆಯಲಿಲ್ಲ. ಚೀಸು ತರುವ ಮುನ್ನ ಅವರು ಮೂಸಿದ್ದರು ಎಂಬುದು ಖಂಡಿತವೇ? ಮತ್ತೆ, ನಿನಗೆ ಹೇಗೆ ಅನಿಸಿತು?

ಸಂಘಕ್ಕೆ ಹೋಗಲು ಹಬ್ಬದವರೆಗೆ ಸಮಯ ಇದೆಯಲ್ಲ. ಅವಸರವೇನು?

ಚಾನೊ


ರೆಕೇನಾ
23 ಡಿಸೆಂಬರ್ 1996

ಚಾನೊ,

ಮೂರನೆಯವನಾದದ್ದು ಇಷ್ಟು ಚುಚ್ಚುತ್ತದೆ ಎಂದು ಗೊತ್ತಿದ್ದರೆ ನಿನ್ನ ತಟ್ಟೆಗೆ ನಾನೇ ನಾಲ್ಕು ಕಾಳು ಹಾಕುತ್ತಿದ್ದೆ.

ಯಾರೂ ಊಹಿಸಲಿಲ್ಲ. ಮೆಚ್ಚಿ ಮಾತು ಮರೆತಿದ್ದರು. ಮೂಸಿದ್ದು ಮೊದಲು, ಚೀಸು ಆಮೇಲೆ. ಎನ್ಕಾರ್ನಾಗೆ ಹಸಿವಾಗಿತ್ತು, ನಮ್ಮಲ್ಲಿ ಹಸಿದವರು ತಿನ್ನುತ್ತಾರೆ. ನಾನು ಕುಡಿಯಲಿಲ್ಲ. ಸುರಿಯುವವಳು ಸುರಿಯುತ್ತಾಳೆ. ಮೇ ತಿಂಗಳಿಂದ ಆ ವೈನನ್ನು ನಾನು ಬಾಯಿಗೆ ಇಟ್ಟಿಲ್ಲ, ಅದು ನಿನಗೆ ಸಂಬಂಧಪಟ್ಟ ವಿಷಯವಲ್ಲ.

ಬದುಕಿದ್ದಾಗ ಕೊನೆಕೊನೆಗೆ ಅವನಿಗೆ ಒಂದು ಸಾಲು ಬರೆಯಲಿಲ್ಲ ನೀನು. ಟಪಾಲಿನವನು ಬಂದಾಗಲೆಲ್ಲ ಅವನು ತಲೆ ಎತ್ತಿ ನೋಡುತ್ತಿದ್ದ. ಸತ್ತಾಗ ಬರಲಿಲ್ಲ. ಈಗ ಅವನ ವೈನು ಗೆದ್ದರೆ ಅದಕ್ಕೂ ಒಂದು ಸಂಶಯ.

ಕ್ರಿಸ್ಮಸ್ ಚೆನ್ನಾಗಿ ನಡೆಯಲಿ.

ರೆಮೆ


ಸಾನ್‌ಲೂಕರ್
2 ಜನವರಿ 1997

ರೆಮೆ,

ಅವನ ಮಣ್ಣಿನ ದಿನ ನನಗೆ ಕಾಲು ನೋವಿರಲಿಲ್ಲ. ಬಸ್ಸಿನ ಟಿಕೆಟ್ ತೆಗೆದಿದ್ದೆ, ಸೆವಿಯ್ಯದವರೆಗೆ ಬಂದೆ, ಅಲ್ಲಿಂದ ವಾಪಸ್ ಹೋದೆ.

1994ರ ಸೆಪ್ಟೆಂಬರಿನಲ್ಲಿ ನಾನು ಕೊಯ್ಲಿಗೆ ಬಂದಿದ್ದು ನಿನಗೆ ನೆನಪಿದೆ. ಕೊನೆಯ ದಿನ ಅವನು ನನ್ನನ್ನು ಗವಿಗೆ ಕರೆದುಕೊಂಡು ಹೋಗಿ ಪೀಪಾಯಿಯಿಂದ ಹಿಂದಿನ ವರ್ಷದ ವೈನು ತೆಗೆದುಕೊಟ್ಟ. ಹೇಗಿದೆ ಎಂದು ಕೇಳಿದ. ನಾನು ವೈನಿನ ಬಗ್ಗೆ ಏನೂ ಹೇಳಲಿಲ್ಲ. ಪೀಪಾಯಿಯ ತೂತಿಗೆ ಮೂಗಿಟ್ಟು ನೋಡಿ, ಇದನ್ನು ಸುಟ್ಟುಹಾಕು ಎಂದೆ. ಮರದೊಳಕ್ಕೆ ಹುಳಿ ಇಳಿದಿತ್ತು. ಖಾಲಿಯಿದ್ದಾಗ ಹುಳಿ ಹತ್ತದಂತೆ ಒಳಗೆ ಗಂಧಕದ ಬತ್ತಿ ಉರಿಸುವುದಿಲ್ಲವೇ ಎಂದು ಕೇಳಿದೆ. ಅಪ್ಪ ಉರಿಸುತ್ತಿರಲಿಲ್ಲ, ನಾನೂ ಉರಿಸುವುದಿಲ್ಲ ಎಂದ. ಅಪ್ಪನ ಕಾಲಕ್ಕೆ ಪೀಪಾಯಿ ಹೊಸದಿತ್ತು ಎಂದೆ. ಅವನು ನನ್ನ ಕೈಯಿಂದ ಲೋಟ ತೆಗೆದುಕೊಂಡು, "ಉಪ್ಪುನೀರು ಕುಡಿಯೋ ನಿಂಗೆ ಕೆಂಪು ವೈನ್ ಏನ್ ಗೊತ್ತಾಗತ್ತೆ" ಎಂದ. ನಾನು ಮಾರನೆಯ ಬೆಳಿಗ್ಗೆಯ ಬಸ್ಸು ಹಿಡಿದೆ. ಆಮೇಲೆ ಅವನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಅವನು ಮೊದಲು ಬರೆಯಲಿ ಎಂದು ನಾನೂ ಟಪಾಲಿನವನನ್ನೇ ನೋಡುತ್ತಿದ್ದೆ. ಹೇಳಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಅದನ್ನು ಹೇಳಿಕೊಂಡು ನಿನ್ನ ಮುಂದೆ, ಅವನ ಶವಪೆಟ್ಟಿಗೆಯ ಪಕ್ಕ, ಹೇಗೆ ನಿಲ್ಲುವುದೆಂದು ತಿಳಿಯಲಿಲ್ಲ.

ಈಗ ಚೀಸಿನ ವಿಷಯ. ನಮ್ಮ ದೇಶದಲ್ಲಿ ಯಾರಾದರೂ ಮೋಸ ಹೋದರೆ ಚೀಸಿನ ಜೊತೆ ಕೊಟ್ಟರು ಎನ್ನುವುದು ಏಕೆಂದು ನಿನಗೂ ಗೊತ್ತು. ಹುಳಿ ಹಿಡಿದ ವೈನು ಮಾರುವವನು ಮೊದಲು ಒಂದು ತುಂಡು ಹಳೆಯ ಚೀಸು ತಿನ್ನಿಸುತ್ತಾನೆ. ಆಮೇಲೆ ಎಲ್ಲವೂ ರುಚಿಯೇ. ಭಟ್ಟಿ ನಡೆಸುವ ಎನ್ಕಾರ್ನಾಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಇಪ್ಪತ್ತು ವರ್ಷ ಪ್ರತಿ ಗುರುವಾರ ಇಸ್ಪೀಟಿನ ಮೇಜಿನಲ್ಲಿ ಅವರು ಕುಡಿದದ್ದು ಅದೇ ವೈನು, ರೆಮೆ. ನೀನು ಮುಚ್ಚಿದ್ದು ಬಾಟಲಿಯನ್ನು, ವಾಸನೆಯನ್ನಲ್ಲ. ಮೂಗು ಹಾಕಿದ ಕೂಡಲೇ ಮೂವರಿಗೂ ಗೊತ್ತಾಗಿದೆ. ಅದಕ್ಕೇ ಯಾರೂ ಊರು ಊಹಿಸಲಿಲ್ಲ. ನಿನಗೆ ಸುಳ್ಳು ಹೇಳಲು ಅವರಿಗೆ ಮನಸ್ಸಿರಲಿಲ್ಲ. ಚೀಸು ತಿಂದು ನಿಜವಾಗಿಯೇ ಮೆಚ್ಚಿದರು.

ಒಮ್ಮೆ ನಿಜ ಹೇಳಿ ಸ್ನೇಹಿತನನ್ನು ಕಳೆದುಕೊಂಡೆ. ಎರಡನೇ ಸಲ ಹೇಳುತ್ತಿದ್ದೇನೆ. ಬಳ್ಳಿ ಇಡುವುದೋ ಕೀಳುವುದೋ ನಿನ್ನ ಇಷ್ಟ, ಆದರೆ ಕಡಲೆಕಾಳು ನೋಡಿ ನಿರ್ಧರಿಸಬೇಡ. ಕೊಯ್ಲಿನ ಆ ಕೊನೆಯ ದಿನ ಬೆಳಿಗ್ಗೆ ಬಳ್ಳಿಯಿಂದಲೇ ಕಿತ್ತು ಹಣ್ಣು ತಿಂದಿದ್ದೆ. ಹಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ.

ಚಾನೊ


ಸಾನ್‌ಲೂಕರ್
20 ಜನವರಿ 1997

ರೆಮೆ,

ಹಬ್ಬ ಮುಗಿಯಿತು. ನಿನ್ನಿಂದ ಸುದ್ದಿಯಿಲ್ಲ. ಪಕ್ಕದ ಮನೆಯ ಹೆಂಗಸಿನ ಕೈಲಿ ಫೋನ್ ಮಾಡಿಸಿದೆ, ಯಾರೂ ಎತ್ತಲಿಲ್ಲವಂತೆ. ಬೈಯುವುದಕ್ಕಾದರೂ ಒಂದು ಕಾರ್ಡು ಹಾಕು.

ಚಾನೊ


ರೆಕೇನಾ
26 ಜನವರಿ 1997

ಚಾನೊ,

ಎರಡನೇ ತಾರೀಕಿನ ನಿನ್ನ ಕಾಗದದಲ್ಲಿ ಪ್ರಾಸವಿಲ್ಲದ್ದು ನೋಡಿಯೇ ಇದು ನಿಜವಿರಬೇಕು ಎನಿಸಿತು. ಎನಿಸಿದ ಮೇಲೆ ಕೋಪ ಬಂತು. ನಿನ್ನ ಮೇಲೆ ಎರಡು ದಿನ, ಆ ಮೂವರ ಮೇಲೆ ನಾಲ್ಕು ದಿನ. ಎನ್ಕಾರ್ನಾಳ ಅಂಗಡಿಗೆ ಹೋಗದೆ ಒಣ ಬಿಸ್ಕತ್ತು ತಿಂದೆ. ಅದರಿಂದ ಅವಳಿಗೆ ಏನೂ ಆಗಲಿಲ್ಲ, ನನಗೆ ಹೊಟ್ಟೆ ಕೆಟ್ಟಿತು.

ಆಮೇಲೆ ಒಂದು ಬೆಳಿಗ್ಗೆ ಗವಿಗೆ ಇಳಿದು ಬಾಟಲಿ ತೆರೆದೆ. ಕುಡಿದೆ. ಒದ್ದೆ ಕಂಬಳಿ, ಉಪ್ಪಿನಕಾಯಿಯ ತಳ. ಇಷ್ಟು ವರ್ಷ ಊಟದ ನಡುವೆ ನೀರು ಬೆರೆಸಿ ಕುಡಿದವಳಿಗೆ ಇದು ತಿಳಿದಿರಲೇ ಇಲ್ಲ. ನೆಲಕ್ಕೆ ಉಗುಳಿದೆ. ಇನ್ನೊಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡೆ. ಬಹಳ ಹೊತ್ತಿನ ಮೇಲೆ, ಎಲ್ಲ ಕೊಳೆಯ ಹಿಂದೆ, ಕಪ್ಪು ಹಿಪ್ಪುನೇರಳೆಯ ರುಚಿ ಬಂತು. ಅದು ಹಣ್ಣಿನದು. ಅದನ್ನೂ ಉಗುಳಿ ಮೇಲೆ ಬಂದೆ.

ಭಾನುವಾರ ಹನ್ನೆರಡನೇ ತಾರೀಕು, ಚರ್ಚು ಬಿಟ್ಟ ಮೇಲೆ, ಮೂವರನ್ನೂ ಮನೆಗೆ ಕರೆದೆ. ಮೇಜಿನ ಮೇಲೆ ಒಂದೇ ಬಾಟಲಿ, ಅದಕ್ಕೆ ಏನೂ ತೊಡಿಸಿರಲಿಲ್ಲ. ತಿನ್ನಲಿಕ್ಕೂ ಏನೂ ಇಟ್ಟಿರಲಿಲ್ಲ. ಸುರಿದು, ನಾನೂ ಒಂದು ಲೋಟ ಹಿಡಿದು ಕುಳಿತೆ.

"ಇದು ಬೆನಿಗ್ನೊನ ವೈನು," ಎಂದೆ. "ಕುಡೀರಿ. ಹೆಂಗಿದೆ ಹೇಳಿ."

ಎನ್ಕಾರ್ನಾ ಮೇಜಿನ ಬಟ್ಟೆ ನೋಡಿದಳು. ಸಬೆಲಾ ಫಾಕುಂದೊನನ್ನು ನೋಡಿದಳು. ಅವನು ಕುಡಿದು, ಲೋಟ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿದ.

"ಕೆಟ್ಟಿದೆ, ರೆಮೆ," ಎಂದ. "ಹತ್ತು ವರ್ಷದಿಂದ ಕೆಟ್ಟಿದೆ."

"ಹನ್ನೆರಡು," ಎಂದಳು ಸಬೆಲಾ.

"ಮತ್ತೆ ಪ್ರತಿ ಗುರುವಾರ ಕುಡೀತಿದ್ರಲ್ಲ?"

"ಅವನು ಸುರೀತಿದ್ದ, ನಾವು ಕುಡೀತಿದ್ವಿ," ಎಂದಳು ಎನ್ಕಾರ್ನಾ. "ಇಸ್ಪೀಟಲ್ಲಿ ಮೋಸ ಬೇರೆ ಮಾಡ್ತಿದ್ದ. ವೈನೂ ಹಾಳು, ಆಟಾನೂ ಹಾಳು."

ನನಗೆ ನಗು ಬಂತು. ಹೇಗೆ ಹೇಳಲಿ ನಿನಗೆ? ಅವನು ಹೋದಂದಿನಿಂದ ಅವನ ಬಗ್ಗೆ ಒಂದು ಕೆಟ್ಟ ಮಾತನ್ನು ಯಾರೂ ಆಡಿರಲಿಲ್ಲ. ಎಲ್ಲರೂ ಹೊಗಳಿ ಹೊಗಳಿ ಅವನನ್ನು ನನಗೆ ಗುರುತೇ ಸಿಗದಂತೆ ಮಾಡಿದ್ದರು. ನಾನು ನಕ್ಕದ್ದು ಕಂಡು ಅವರಿಗೂ ಧೈರ್ಯ ಬಂತು. ಅವನು ಇಸ್ಪೀಟಿನ ಎಲೆ ಬಚ್ಚಿಡುತ್ತಿದ್ದದ್ದು ಅಂಗಿಯ ಎಡ ತೋಳಿನಲ್ಲಿ ಎಂದು ಸಬೆಲಾಗೆ ಮೊದಲಿಂದ ಗೊತ್ತಿತ್ತಂತೆ. ಫಾಕುಂದೊನ ಅಂಗಡಿಗೆ ಬಂದು ಔಷಧಿಯ ಬೆಲೆ ಕೇಳಿ, ಅದೇ ಔಷಧಿ ಕತ್ತೆಗೆ ಕೊಡುವುದು ಅಗ್ಗಕ್ಕೆ ಸಿಗುತ್ತದೆಯೇ ಎನ್ನುತ್ತಿದ್ದನಂತೆ. ಹೀಗೆ ಒಬ್ಬರಾದ ಮೇಲೆ ಒಬ್ಬರು.

ಆಗ ನಾನು ಹೇಳಿದೆ. ಹೋಗುವ ಮುಂಚೆ, ಎದೆ ಹಿಡಿದಂತಾಗುತ್ತದೆ ಎಂದು ಮೂರು ವಾರ ಹೇಳಿದ. ಮೂರು ವಾರ ನಾನು ಡಾಕ್ಟರ ಹತ್ತಿರ ಹೋಗು ಎಂದೆ. ಅಪ್ಪ ಹೋಗುತ್ತಿರಲಿಲ್ಲ, ನಾನೂ ಹೋಗುವುದಿಲ್ಲ ಎಂದ. ನಿನ್ನ ಕಾಗದದಲ್ಲಿ ಆ ಪೀಪಾಯಿಯ ಬಗ್ಗೆ ಅವನು ಆಡಿದ ಮಾತು ಓದಿದಾಗ ಆ ಸಾಲನ್ನು ಮತ್ತೆ ಓದಿದೆ, ಚಾನೊ. ಒಂದೇ ಮಾತು. ನಿನಗೊಬ್ಬನಿಗೇ ಹಾಗೆ ಹೇಳಲಿಲ್ಲ ಅವನು. "ಕತ್ತೆ," ಎಂದೆ ನಾನು, ನನ್ನ ಮೇಜಿನಲ್ಲಿ ಕೂತು, ನನ್ನ ಗಂಡನಿಗೆ. "ಮೊಂಡ ಕತ್ತೆ. ಸಾಯೋ ಅವಸರ ಏನಿತ್ತು ಅವನಿಗೆ." ಫಾಕುಂದೊ ಆ ಕೆಟ್ಟ ವೈನನ್ನೇ ನನ್ನ ಲೋಟಕ್ಕೆ ಇನ್ನಷ್ಟು ಸುರಿದ. ನಾಲ್ವರೂ ಸೇರಿ ಬಾಟಲಿ ಮುಗಿಸಿದೆವು. ಯಾರಿಗೂ ಸೇರಲಿಲ್ಲ.

ಆ ಗುರುವಾರ, ಹಬ್ಬದ ಹಿಂದಿನ ರಾತ್ರಿ, ಸಂತ ಆಂತೋನಿಯ ಬೆಂಕಿ. ಬೀದಿಯವರೆಲ್ಲ ಮುರಿದ ಕುರ್ಚಿ, ಹಳೆಯ ಬಾಗಿಲು ತಂದು ಚೌಕದಲ್ಲಿ ರಾಶಿ ಹಾಕಿದ್ದರು. ನಾವು ಪೀಪಾಯಿಯನ್ನು ಮೆಟ್ಟಿಲು ಹತ್ತಿಸಿ ಉರುಳಿಸಿಕೊಂಡು ಹೋದೆವು. ಚೆನ್ನಾಗಿ ಉರಿಯಿತು, ವಾಸನೆ ಮಾತ್ರ ಕೆಟ್ಟದಾಗಿತ್ತು. ಸಂಘದ ಸೆಕ್ರೆಟರಿ ಅಲ್ಲೇ ಸಾಸೇಜ್ ಸುಟ್ಟುಕೊಂಡು ನಿಂತಿದ್ದ. ಪೀಪಾಯಿ ಸುಡುವುದು ನೋಡಿ ನನ್ನ ಉತ್ತರ ತನಗೆ ತಿಳಿದುಹೋಯಿತು ಎಂದುಕೊಂಡ. ಯಂತ್ರದವನಿಗೆ ನನ್ನ ಹೆಸರು ಹೇಳಿಬಿಡಲೇ ಎಂದು ಕೇಳಿದ. ಬೇಡ, ಬಳ್ಳಿ ಇಟ್ಟುಕೊಳ್ಳುತ್ತೇನೆ ಎಂದೆ.

"ಅಷ್ಟು ಚೆನ್ನಾಗಿತ್ತಾ ಬೆನಿಗ್ನೊನ ವೈನು?" ಎಂದ.

"ಇಲ್ಲಪ್ಪ. ಕೆಟ್ಟದಾಗಿತ್ತು," ಎಂದೆ. "ಆ ಬಳ್ಳಿಯಿಂದ ಇನ್ನೂ ಯಾರೂ ಸರಿಯಾಗಿ ವೈನು ಮಾಡಿ ನೋಡೇ ಇಲ್ಲ."

ಅಕ್ಕಪಕ್ಕದ ತೋಟಗಳಲ್ಲಿ ಯಂತ್ರ ಓಡುತ್ತಿದೆ. ನಮ್ಮದರಲ್ಲಿ ಒಂದು ವಾರದಿಂದ ಚಾಟನಿ. ಬೆಳಿಗ್ಗೆ ಹೋದರೆ ಸಂಜೆಗೇ ಮನೆ, ಅದಕ್ಕೇ ಫೋನ್ ಎತ್ತುವವರಿಲ್ಲ. ಸಬೆಲಾ ಪ್ರತಿ ಬಳ್ಳಿಯ ಮುಂದೆ ನಿಂತು ಯೋಚಿಸುತ್ತಾಳೆ, ಫಾಕುಂದೊ ಯೋಚಿಸದೆ ಕತ್ತರಿಸುತ್ತಾನೆ. ಇಬ್ಬರಿಂದಲೂ ನಷ್ಟವೇ. ಪೀಪಾಯಿ ಕೊಳ್ಳುವಾಗ ಒಳಗೆ ಮೂಗಿಟ್ಟು ನೋಡುವವರೊಬ್ಬರು ಬೇಕು. ಬಸ್ಸು ಈಗಲೂ ಅದೇ ಬಸ್ಸು. ಸೆವಿಯ್ಯದಲ್ಲಿ ಇಳಿ, ಆಮೇಲೆ ಮಾಡ್ರಿಡಿನ ಬಸ್ಸು ಹತ್ತು.

ರೆಮೆ